ಸಂಪಾದಕರ ಮಾತು: ಇಬ್ಬರು ನರಸಿಂಹಯ್ಯನವರು

ಹೊರದೇಶದಲ್ಲಿ ಓದಿ ಬಂದ ಮೇಷ್ಟರ ಮಾತು ಬಂದಾಗ ಕರ್ನಾಟಕಕ್ಕೆ ಇಬ್ಬರು ನರಸಿಂಹಯ್ಯನವರು ನೆನಪಾಗಬೇಕು. ಎಚ್. ನರಸಿಂಹಯ್ಯ (ಎಚ್ಚೆನ್) ಗೌರಿಬಿದನೂರು ಸೀಮೆಯ ಹೊಸೂರಿನವರು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರು ಅಮೆರಿಕಕ್ಕೆ ಹೋಗಿ, 1960ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಪಡೆದರು. ಮೈಸೂರಿನ ಸಿ.ಡಿ. ನರಸಿಂಹಯ್ಯ ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಎಫ್.ಆರ್. ಲೀವಿಸ್ ಅವರ ವಿಮರ್ಶೆಯ ಶಿಸ್ತಿಗೆ ಒಲಿದವರು.

ಇಬ್ಬರೂ ಮರಳಿ ಬಂದದ್ದು ತಮ್ಮ ತರಗತಿಗೇ. ಆದರೆ ತರಗತಿ ಮೊದಲಿನಷ್ಟೇ ಅಗಲ ಉಳಿಯಲಿಲ್ಲ. ಎಚ್ಚೆನ್ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿ, ಯಾರು ಬೇಕಾದರೂ ಬಂದು ವಿಜ್ಞಾನಿಯ ಉಪನ್ಯಾಸ ಕೇಳಬಹುದಾದ ಜಾಗ ಮಾಡಿಕೊಟ್ಟರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ನೇಮಿಸಿದರು. ಪ್ರಶ್ನಿಸುವ ಸ್ವಭಾವವನ್ನು ಅವರಿಗೆ ಅಮೆರಿಕ ಕೊಟ್ಟಿತೆನ್ನಲಾಗದು. 1942ರ ಚಳವಳಿಯಲ್ಲಿ ಜೈಲು ಕಂಡವರು ಅವರು. ಆ ಸ್ವಭಾವಕ್ಕೆ ಸಂಶೋಧನೆಯ ಪಳಗಿಕೆ ಸಿಕ್ಕಿತು, ಅಷ್ಟೆ. ಆದರೆ ಅದು ಸಣ್ಣದಲ್ಲ.

ಸಿ.ಡಿ.ಎನ್. ಕೂಡ ಲೀವಿಸ್ ಪಾಠವನ್ನು ಒಪ್ಪಿಸುತ್ತ ಕೂರಲಿಲ್ಲ. 1952ರಲ್ಲಿ ‘ದಿ ಲಿಟರರಿ ಕ್ರೈಟೀರಿಯನ್’ ಪತ್ರಿಕೆ ಆರಂಭಿಸಿದರು. ಇಂಗ್ಲೆಂಡಿನ ಲೇಖಕರಿಗೇ ಮೀಸಲಾಗಿದ್ದ ಇಂಗ್ಲಿಷ್ ಎಂ.ಎ.ಯ ಓದಿನೊಳಕ್ಕೆ ಅಮೆರಿಕದ, ಕಾಮನ್‌ವೆಲ್ತ್ ದೇಶಗಳ, ಭಾರತದ ಲೇಖಕರನ್ನೂ ಕರೆತಂದರು. ಸಂಸ್ಕೃತ ಕಾವ್ಯಮೀಮಾಂಸೆಯ ಕಡೆಗೆ ತಿರುಗಿ, 1979ರಲ್ಲಿ ಮೈಸೂರಿನಲ್ಲಿ ‘ಧ್ವನ್ಯಾಲೋಕ’ ಅಧ್ಯಯನ ಕೇಂದ್ರ ಸ್ಥಾಪಿಸಿದರು. ಕೇಂಬ್ರಿಜ್ಜಿನ ಗುರುವಿನಿಂದ ಕಲಿತದ್ದನ್ನು ಸಂಸ್ಕೃತದ ‘ಧ್ವನ್ಯಾಲೋಕ’ ಗ್ರಂಥ ಬರೆದ ಆನಂದವರ್ಧನನ ಎದುರಿಗಿಟ್ಟು ನೋಡುವ ಧೈರ್ಯ ಅದು.

ವಿದೇಶಿ ವ್ಯಾಸಂಗ ಅಧ್ಯಾಪಕರಿಗೆ ಕೊಡಬಹುದಾದ ದೊಡ್ಡ ಲಾಭ ಇದೇ. ತಾನು ಕಲಿತ ವಿಷಯವನ್ನು ಬೇರೆಯವರು ಬೇರೆ ರೀತಿಯಲ್ಲಿ ಕಲಿಸುತ್ತಾರೆಂದು ಕಣ್ಣಾರೆ ಕಂಡವರಿಗೆ ನಮ್ಮ ಪಠ್ಯಕ್ರಮ ಶಿಲಾಶಾಸನವಾಗಿ ಕಾಣುವುದಿಲ್ಲ. ಗುರುವಿಗೆ ಎದುರು ಪ್ರಶ್ನೆ ಹಾಕಿ ಬೆಳೆದವರು ತಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಸಿಡುಕುವುದೂ ಕಡಿಮೆ.

ಆದರೆ ಹಾಗೆ ಬಂದವರನ್ನು ನಾವು ಬಳಸಿಕೊಳ್ಳುವ ಬಗೆ ಬೇಸರ ತರಿಸುತ್ತದೆ. ನೇಮಕಾತಿಯಲ್ಲಿ ಪದವಿಗೆ ಅಂಕ ಕೊಡುತ್ತೇವೆ, ಸ್ವಾಗತ ಭಾಷಣದಲ್ಲಿ ವಿಶ್ವವಿದ್ಯಾನಿಲಯದ ಹೆಸರು ಓದುತ್ತೇವೆ. ಆಮೇಲೆ ಅದೇ ಹಳೆಯ ಪಠ್ಯಪತ್ರಿಕೆ, ಅದೇ ನೋಟ್ಸು, ಮೌಲ್ಯಮಾಪನದ ಕಟ್ಟು. ಹೊಸದೊಂದು ಪಠ್ಯಪತ್ರಿಕೆ ರೂಪಿಸುವ ಸ್ವಾತಂತ್ರ್ಯ, ಸಂಜೆ ನಾಲ್ಕು ಜನ ಸೇರಿ ಚರ್ಚಿಸಲು ಒಂದು ಕೊಠಡಿ: ಇಷ್ಟನ್ನು ಕೊಡಲು ಯಾವ ಕಾಲೇಜಿಗೂ ಹೆಚ್ಚು ಹಣ ಬೇಕಿಲ್ಲ. ಇಬ್ಬರು ನರಸಿಂಹಯ್ಯನವರೂ ಆ ಅವಕಾಶವನ್ನು ತಾವೇ ಕಟ್ಟಿಕೊಂಡರು. ಎಲ್ಲರಿಂದಲೂ ಅಂಥ ಛಲವನ್ನು ನಿರೀಕ್ಷಿಸುವುದು ಸಂಸ್ಥೆಗಳು ತಮ್ಮ ಹೊಣೆಯಿಂದ ನುಣುಚಿಕೊಳ್ಳುವ ದಾರಿ.