ಹೆಸರಿಗಿಂತ ಬಾಳಿಕೆ ದೊಡ್ಡದು

ವ್ಯವಹಾರ ಅಧ್ಯಯನದಲ್ಲಿ ನಾವು ಓದುವ ಮಾರುಕಟ್ಟೆ ಮಿಶ್ರಣದ ಅಂಶಗಳು ನಾಲ್ಕು: ಉತ್ಪನ್ನ, ಬೆಲೆ, ಸ್ಥಳ, ಪ್ರವರ್ತನೆ. ಇವನ್ನು ಬೆಂಗಳೂರಿನ ವೈಲ್ಡ್‌ಕ್ರಾಫ್ಟ್ ಕಂಪನಿಗೆ ಅನ್ವಯಿಸಿ ನೋಡೋಣ.

ಚಾರಣಿಗರ ಟೆಂಟ್‌ನಿಂದ ಶುರುವಾದ ಈ ಕಂಪನಿ ನಮಗೆಲ್ಲ ಗೊತ್ತಿರುವುದು ಕಾಲೇಜು ಬ್ಯಾಗಿನಿಂದ. ಇದರ ದೊಡ್ಡ ಪ್ರತಿಸ್ಪರ್ಧಿ, 2009ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸ್‌ನ ಡೆಕಥ್ಲಾನ್. ಅದು ತನ್ನದೇ ಬ್ರ್ಯಾಂಡ್‌ಗಳನ್ನು ತನ್ನ ಮಳಿಗೆಯಲ್ಲೇ ಮಾರುವುದರಿಂದ ಮಧ್ಯವರ್ತಿಗಳ ಖರ್ಚು ಕಡಿಮೆ. ಬೆಲೆಯಲ್ಲಿ ಅದನ್ನು ಮಣಿಸುವುದು ಕಷ್ಟ. ಆದರೆ ಅಂಥ ಮಳಿಗೆಗೆ ದೊಡ್ಡ ಜಾಗ, ದೊಡ್ಡ ಊರು ಬೇಕು. ವೈಲ್ಡ್‌ಕ್ರಾಫ್ಟ್ ಬೇರೆಯವರ ಅಂಗಡಿಗಳ ಮೂಲಕವೂ ಮಾರುತ್ತದೆ. ಸಣ್ಣ ಊರುಗಳಲ್ಲಿ ಇದೇ ಅದರ ಬಲ.

ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಅದರ ನಿಜವಾದ ಪ್ರತಿಸ್ಪರ್ಧಿ ಡೆಕಥ್ಲಾನ್ ಅಲ್ಲ, ಸಂತೆಯ ಅಗ್ಗದ ಬ್ಯಾಗ್. ನಮ್ಮ ಅಬ್ಬಾ ಬ್ಯಾಗ್ ಕೊಳ್ಳುವಾಗ ಹೆಸರು ನೋಡುವುದಿಲ್ಲ, "ಎಷ್ಟು ವರ್ಷ ಬರ್ತದ?" ಎಂದು ಕೇಳುತ್ತಾರೆ. ನನ್ನ ನಂತರ ತಮ್ಮನೂ ಅದನ್ನೇ ಹೊರಬೇಕು. ಜಿಪ್ ಕೆಟ್ಟರೆ ಬಸ್ ಹತ್ತಿ ದೊಡ್ಡ ಊರಿಗೆ ಹೋಗುವಂತಿದ್ದರೆ ದುಬಾರಿ ಬ್ಯಾಗ್ ಯಾರಿಗೆ ಬೇಕು?

ಆದ್ದರಿಂದ ಕಂಪನಿ ಜಾಹೀರಾತಿನ ಹಣದಲ್ಲಿ ಸ್ವಲ್ಪ ಉಳಿಸಿ, ಪ್ರತಿ ತಾಲ್ಲೂಕಿನಲ್ಲಿ ಒಬ್ಬ ರಿಪೇರಿಯವರಿಗೆ ಅಸಲಿ ಜಿಪ್, ಬಕಲ್ ಮತ್ತು ತರಬೇತಿ ಕೊಡಲಿ. ಆನೆಗೊಂದಿಯ ಬಂಡೆ ಏರಲು ದೇಶ ವಿದೇಶಗಳಿಂದ ಬರುವವರ ಬ್ಯಾಗುಗಳನ್ನೂ ಅವರೇ ಸರಿಮಾಡಬಹುದು. ಊರಿನವರಿಗೆ ದುಡಿಮೆ, ಗ್ರಾಹಕರಿಗೆ ಉಳಿತಾಯ, ಕಂಪನಿಗೆ ನಂಬಿಕೆ. ಬೆಲೆಯನ್ನು ಯಾರು ಬೇಕಾದರೂ ಇಳಿಸಬಹುದು. ನಂಬಿಕೆಯನ್ನು ಗಳಿಸಲು ವರ್ಷಗಳು ಬೇಕು.