ಕೊಚ್ಚಿಹೋಗುವ ಕಟ್ಟಕ್ಕೂ ಹಣ ಕೊಡಿ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಆದರೂ ಏಪ್ರಿಲ್ ಬಂತೆಂದರೆ ಪಂಚಾಯತಿಯವರು ಟ್ಯಾಂಕರ್ ಹುಡುಕುತ್ತಾರೆ, ತೋಟದವರು ಬೋರ್‌ವೆಲ್ ಲಾರಿ ಕರೆಸುತ್ತಾರೆ. ವಿಟ್ಲದ ಆಚೆ ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯಲ್ಲೇ ಅಡಿಕೆ ಬೆಳೆಯುವ ನನಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೀರು ನಿಲ್ಲಿಸುವ ವಿದ್ಯೆ ನಮ್ಮ ಹಿರಿಯರಿಗೆ ಗೊತ್ತಿತ್ತು.

ಅದೇ ಕಟ್ಟ. ಮಳೆ ಬಿಟ್ಟು, ನವೆಂಬರ್‌-ಡಿಸೆಂಬರ್ ಹೊತ್ತಿಗೆ ತೋಡಿನ ಹರಿವು ಸಣ್ಣಗಾದಾಗ ಎರಡೂ ದಡದವರು ಸೇರಿ ಕಲ್ಲು, ಮಣ್ಣು, ಅಡಿಕೆ ಮರದ ಸೀಳು ಹಾಕಿ ಅಡ್ಡ ಕಟ್ಟುತ್ತಾರೆ. ಈಗೀಗ ಮರಳಿನ ಚೀಲ, ಪ್ಲಾಸ್ಟಿಕ್ ಹಾಳೆಯೂ ಸೇರಿವೆ. ನಿಂತ ನೀರು ದಡದ ಮಣ್ಣಿಗಿಳಿದು ಅಕ್ಕಪಕ್ಕದ ಬಾವಿಗಳಿಗೆ ಬರುತ್ತದೆ. ಕಾಸರಗೋಡಿನ ಏತಡ್ಕದಲ್ಲಿ ಒಂದೇ ತೋಡಿಗೆ ಸಾಲುಸಾಲಾಗಿ ಕಟ್ಟ ಹಾಕುತ್ತಾರೆ; ಮೇಲಿನವರ ಕಟ್ಟದಿಂದ ಸೋರಿದ್ದು ಕೆಳಗಿನವರಿಗೆ ದಕ್ಕುತ್ತದೆ.

ಮಳೆಗಾಲಕ್ಕೆ ಕೊಚ್ಚಿಹೋಗುವುದಕ್ಕೆ ವರ್ಷವರ್ಷ ದುಡ್ಡು ಯಾಕೆ, ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಕಟ್ಟಿದರಾಯಿತಲ್ಲ ಎನ್ನುವವರಿದ್ದಾರೆ. ದೊಡ್ಡ ಹೊಳೆಗೆ ಅದು ಸರಿ, ಕಿಂಡಿ ಮುಚ್ಚುವ ಹಲಗೆಯನ್ನು ಹೊತ್ತಿಗೆ ಸರಿಯಾಗಿ ಇಳಿಸಿ ಎತ್ತುವವರಿದ್ದರೆ. ಸಣ್ಣ ತೋಡಿಗೆ ಕೊಚ್ಚಿಹೋಗುವ ಕಟ್ಟವೇ ಒಳ್ಳೆಯದು. ಜೂನ್ ನೆರೆಗೆ ದಾರಿ ಬಿಡುತ್ತದೆ, ಹೂಳು ನಿಲ್ಲುವುದಿಲ್ಲ, ಮೀನು ಮೇಲೇರುತ್ತವೆ.

ಆದರೆ ತೋಡಿಗೆ ಬೇಸಿಗೆಯಲ್ಲಿ ನೀರು ಒದಗಿಸುವುದು ಗುಡ್ಡ. ಅಲ್ಲಿ ಮದಕಗಳಿದ್ದವು: ಮೂರು ಕಡೆ ಇಳಿಜಾರು, ನಾಲ್ಕನೇ ಕಡೆ ಮಣ್ಣಿನ ಒಡ್ಡು, ಮಳೆನೀರು ನಿಂತು ಇಂಗುವ ಕೆರೆ. ಎಷ್ಟೋ ಮದಕಗಳು ಇಂದು ಹೂಳು ತುಂಬಿ ಮೈದಾನವಾಗಿವೆ, ಕೆಲವು ರಬ್ಬರ್ ತೋಟದೊಳಗೆ ಸೇರಿಹೋಗಿವೆ. ಗುಡ್ಡದ ಒಡಲಲ್ಲಿ ನೀರಿದೆ ಎಂಬುದಕ್ಕೆ ಸಾಕ್ಷಿಯೂ ಇದೆ: ಕೂಲಿ ಕೆಲಸ ಮಾಡುತ್ತಿದ್ದ ಅಮೈ ಮಹಾಲಿಂಗ ನಾಯ್ಕರು ಅಡ್ಯನಡ್ಕದ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ಕಂಡರು, ಅಲ್ಲೇ ತೋಟ ಎಬ್ಬಿಸಿದರು. 2022ರಲ್ಲಿ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಬಹಳ ಸಂತೋಷ. ಅವರನ್ನು ಗೌರವಿಸಿದ ಸರಕಾರ ಉಳಿದ ಗುಡ್ಡಗಳ ಕಡೆಗೂ ಕಣ್ಣು ಹಾಯಿಸಬೇಡವೇ?

ಪ್ರತಿ ಪಂಚಾಯತಿ ತನ್ನ ಮದಕಗಳನ್ನು ಅಳೆಸಿ ಕಂದಾಯ ದಾಖಲೆಯಲ್ಲಿ ಬರೆಸಲಿ, ಹೂಳು ತೆಗೆಸಲಿ. ಕಟ್ಟದ ಹಣ ದೀಪಾವಳಿಗೆ ಮೊದಲೇ ತೋಡಿನ ಬದಿಯವರ ಕೈಗೆ ಬರಲಿ. ಫೆಬ್ರವರಿಯಲ್ಲಿ ಮಂಜೂರಾದರೆ ಕಟ್ಟಲು ತೋಡಿನಲ್ಲಿ ನೀರೇ ಇರುವುದಿಲ್ಲ.