ಗಂಡ-ಹೆಂಡಿರ ನಡುವೆ ಕೂರುವವರಿಗೆ ಪಾಠ ಎಲ್ಲಿ?

ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಕಟ್ಟಿದವರು ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲ. ಮೈಸೂರಿನ ಕೋರ್ಟಿಗೆ ಯಾವ ಕೆಲಸದ ದಿನ ಬೇಕಾದರೂ ಹೋಗಿ ನೋಡಿ. ಒಂದು ಬೆಂಚಿನಲ್ಲಿ ಹೆಣ್ಣಿನ ಕಡೆಯವರು, ಎದುರು ಬೆಂಚಿನಲ್ಲಿ ಗಂಡಿನ ಕಡೆಯವರು, ಮಧ್ಯೆ ಯಾರ ಹತ್ತಿರ ಓಡಬೇಕು ಅಂತ ತಿಳಿಯದೆ ನಿಂತ ಒಂದು ಕೂಸು. ಒಳಗಿನಿಂದ ಮಾತು ಬರುತ್ತದೆ: ಮೊದಲು ಕೌನ್ಸೆಲಿಂಗ್ ಮುಗಿಸಿಕೊಂಡು ಬನ್ನಿ.

ಹೋಗುತ್ತಾರೆ. ಆದರೆ ಅಲ್ಲಿ ಕೂತಿರುವವರು ಈ ಕೆಲಸ ಎಲ್ಲಿ ಕಲಿತರು ಅಂತ ಕೇಳುವವರಿಲ್ಲ. ಇಂಜೆಕ್ಷನ್ ಕೊಡುವ ನರ್ಸಿಗೆ ನೋಂದಣಿ ಬೇಕು, ಲಾರಿ ಓಡಿಸುವವನಿಗೆ ಲೈಸೆನ್ಸ್ ಬೇಕು. ಹತ್ತು ವರ್ಷದ ಸಂಸಾರ ಒಡೆಯುವುದೋ ಕೂಡುವುದೋ ಅನ್ನುವ ಮಾತಿನ ನಡುವೆ ಕೂರುವವರಿಗೆ ಮಾತ್ರ ಒಳ್ಳೆಯ ಮನಸ್ಸು, ನರೆತ ಕೂದಲು ಇದ್ದರೆ ಸಾಕು ಅನ್ನುವ ನಂಬಿಕೆ ನಡೆದುಕೊಂಡು ಬಂದಿದೆ. ಕೋರ್ಟಿಗೆ ಬರುವ ಮುಂಚೆ ಇದೇ ಕೆಲಸವನ್ನು ಠಾಣೆಯ ಹೆಡ್ ಕಾನ್‌ಸ್ಟೇಬಲ್ ಮಾಡಿರುತ್ತಾರೆ, ಬೀದಿಯ ಯಜಮಾನರು ಮಾಡಿರುತ್ತಾರೆ, ಕಾರ್ಪೊರೇಟರ್ ಸಾಹೇಬರೂ ಒಂದು ಕೈ ನೋಡಿರುತ್ತಾರೆ. ಎಲ್ಲರ ಔಷಧಿಯೂ ಒಂದೇ: ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ.’

ಈ ಒಂದು ಮಾತಿನಿಂದ ಉಳಿದ ಸಂಸಾರಗಳೂ ಇವೆ, ಸುಳ್ಳಲ್ಲ. ಆದರೆ ಹೊಡೆತ ತಿಂದು ಬಂದವಳಿಗೂ ಇದೇ ಮಾತು ಹೇಳಿ ಅದೇ ಮನೆಗೆ ಅದೇ ಆಟೋದಲ್ಲಿ ಕಳಿಸಿದರೆ ಅದು ಸಮಾಲೋಚನೆ ಅಲ್ಲ, ಅಪಾಯ. ಗಂಡನ ಎದುರಿಗೇ ಕೂರಿಸಿಕೊಂಡು ‘ಹೊಡೀತಾರೇನಮ್ಮ?’ ಅಂತ ಕೇಳಿದರೆ ಅವಳು ಏನು ಹೇಳಿಯಾಳು? ಇಲ್ಲ ಅಂತಾಳೆ. ಕಡತದಲ್ಲಿ ‘ರಾಜಿ’ ಅಂತ ಬೀಳುತ್ತದೆ. ಕೆಲಸ ಕಲಿತವರು ಇಬ್ಬರನ್ನೂ ಮೊದಲು ಬೇರೆ ಬೇರೆ ಕೂರಿಸಿ ಮಾತಾಡಿಸುತ್ತಾರೆ. ಹೊಡೆತದ ಭಯ ಇದ್ದರೆ ಜೊತೆಗೆ ಕೂರಿಸುವ ಮಾತನ್ನೇ ಎತ್ತುವುದಿಲ್ಲ. ಇದು ಈ ವಿದ್ಯೆಯ ಮೊದಲ ವಾರದ ಪಾಠ.

ಕಾನೂನು ಬರೆದವರಿಗೆ ಇದು ಗೊತ್ತಿತ್ತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಪ್ರಕಾರ ಮ್ಯಾಜಿಸ್ಟ್ರೇಟರು ದಂಪತಿಯನ್ನು ಒಟ್ಟಿಗೇ ಅಲ್ಲ, ಒಬ್ಬೊಬ್ಬರನ್ನಾಗಿಯೂ ಸಮಾಲೋಚನೆಗೆ ಕಳಿಸಬಹುದು. 2006ರ ನಿಯಮಗಳು ಇನ್ನೂ ಮುಂದೆ ಹೋದವು. ತಾನು ಯಾಕೆ ಹೊಡೆದೆ ಅನ್ನುವ ಸಮಜಾಯಿಷಿಗೆ ಸಮಾಲೋಚನೆಯಲ್ಲಿ ಜಾಗ ಇಲ್ಲ ಅಂತ ಗಂಡನಿಗೆ ಮೊದಲೇ ತಿಳಿಸಬೇಕು, ಇನ್ನು ಹಿಂಸೆ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳಬೇಕು. 1984ರ ಕೌಟುಂಬಿಕ ನ್ಯಾಯಾಲಯ ಕಾಯಿದೆಯೂ ಅಷ್ಟೆ. 9ನೇ ಕಲಂ ರಾಜಿಗೆ ಪ್ರಯತ್ನ ಮಾಡುವುದು ಕೋರ್ಟಿನ ಕರ್ತವ್ಯ ಅನ್ನುತ್ತದೆ, 6ನೇ ಕಲಂ ಸಮಾಲೋಚಕರನ್ನು ಒದಗಿಸುವ ಹೊಣೆಯನ್ನು ರಾಜ್ಯ ಸರ್ಕಾರದ ತಲೆಗೆ ಕಟ್ಟುತ್ತದೆ. ಕುರ್ಚಿ ಹಾಕಿದರು. ಕೂರುವವರನ್ನು ತಯಾರು ಮಾಡುವ ಶಾಲೆಯನ್ನು ಮಾತ್ರ ಜಿಲ್ಲೆಯಲ್ಲಿ ಕಟ್ಟಲಿಲ್ಲ.

ಕೋರ್ಟಿನ ಮಧ್ಯಸ್ಥಿಕೆದಾರರಿಗೆ 40 ಗಂಟೆಯ ತರಬೇತಿ ಇದೆ. ಆಸ್ತಿ, ಚೆಕ್‌ಬೌನ್ಸ್ ವ್ಯಾಜ್ಯಕ್ಕೆ ಅದು ಸಾಕಾದೀತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದಾಂಪತ್ಯ ಸಮಾಲೋಚಕರಿಗೆ ಲೈಸೆನ್ಸ್ ಪದ್ಧತಿ ಬಂದದ್ದು 1963ರಲ್ಲಿ. ಅಲ್ಲಿ ಇಂದು ಸ್ನಾತಕೋತ್ತರ ಪದವಿ ಒಂದೇ ಸಾಲದು, ಹಿರಿಯರ ಉಸ್ತುವಾರಿಯಲ್ಲಿ 3000 ಗಂಟೆ ಕೆಲಸ ಮಾಡಿ ತೋರಿಸಬೇಕು. ಮೈಸೂರಿಗೆ 3000 ಗಂಟೆ ತರುವುದು ಆಗದ ಮಾತು, ಬಿಡಿ. ಆದರೆ 40ಕ್ಕೂ 3000ಕ್ಕೂ ನಡುವೆ ಬೇಕಾದಷ್ಟು ಅಂಕಿಗಳಿವೆ.

ತಮಾಷೆ ಅಂದರೆ, ಮನಃಶಾಸ್ತ್ರ ಈ ಊರಿಗೆ ನಿನ್ನೆ ಮೊನ್ನೆ ಬಂದ ವಿದ್ಯೆಯಲ್ಲ. ಕಲ್ಕತ್ತೆ ಬಿಟ್ಟರೆ ದೇಶದಲ್ಲೇ ಮೊದಲು, 1924ರಲ್ಲಿ, ಮನಃಶಾಸ್ತ್ರ ವಿಭಾಗ ತೆರೆದದ್ದು ಮೈಸೂರು ವಿಶ್ವವಿದ್ಯಾನಿಲಯ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಓದಿ ಬಂದವರು. 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿ ‘ಆಕಾಶವಾಣಿ’ಯನ್ನು ಮೈಸೂರಿಗರ ಕಿವಿಗೆ ಮುಟ್ಟಿಸಿದವರೂ ಅವರೇ. ಪ್ರಯೋಗಾಲಯದ ವಿದ್ಯೆ ಮನೆಮನೆಗೆ ಹೋಗಬೇಕು ಅನ್ನುವ ಹಂಬಲ ಆ ಮನುಷ್ಯನಿಗಿತ್ತು. ಆ ವಿಭಾಗಕ್ಕೆ ನೂರು ತುಂಬಿದೆ. ಊರಿನ ಗಂಡ-ಹೆಂಡಿರಿಗೆ ಅದರಿಂದ ಏನು ಸಿಕ್ಕಿತು ಅಂತ ಕೇಳಿದರೆ ತಪ್ಪಾಗಲಾರದು.

ಈಗ ಈ ಕೆಲಸ ಕಲಿಯಬೇಕು ಅನ್ನುವ ಹುಡುಗಿಯ ದಾರಿ ನೋಡಿ. ಎಂ.ಎಸ್ಸಿ. ಮನಃಶಾಸ್ತ್ರವೋ ಎಂ.ಎಸ್.ಡಬ್ಲ್ಯು.ವೋ ಮುಗಿಸಬೇಕು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಎರಡು ವರ್ಷದ ಎಂ.ಫಿಲ್. ಅಂತಿತ್ತು. ಬೆರಳೆಣಿಕೆಯ ಸೀಟು, ಆದರೆ ರೋಗಿಗಳ ನಡುವೆ, ಗುರುಗಳ ಕಣ್ಣೆದುರು ಕಲಿಯುವ ಓದು. 2022ರಲ್ಲಿ ಯುಜಿಸಿಯವರು ಎಂ.ಫಿಲ್. ಪದವಿಯನ್ನೇ ರದ್ದು ಮಾಡಿದರು. ಗಲಾಟೆಯಾದ ಮೇಲೆ ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ 2025-26ರ ಸಾಲಿನ ತನಕ ಜೀವದಾನ ಕೊಟ್ಟರು. ದೂರಶಿಕ್ಷಣದಲ್ಲಿ ಇಗ್ನೋದವರು ‘ಕೌನ್ಸೆಲಿಂಗ್ ಅಂಡ್ ಫ್ಯಾಮಿಲಿ ಥೆರಪಿ’ ಅಂತ ಎಂ.ಎಸ್ಸಿ.ಯನ್ನೇ ತಂದಿದ್ದರು. ಮನಃಶಾಸ್ತ್ರವನ್ನು ಅಂಚೆಯಲ್ಲಿ ಕಲಿಸಕೂಡದು ಅಂತ 2025ರಲ್ಲಿ ಯುಜಿಸಿ ಅಪ್ಪಣೆ ಆಯಿತು. ಅದರಲ್ಲಿ ನ್ಯಾಯವಿದೆ, ಈಜು ಅಂಚೆಯಲ್ಲಿ ಬರುವುದಿಲ್ಲ. ಆದರೆ ಅಂಚೆ ನಿಲ್ಲಿಸಿದವರು ಕೆರೆ ತೋರಿಸಬೇಕಲ್ಲ? 2021ರಲ್ಲಿ ಬಂದ ಅಲೈಡ್ ಹೆಲ್ತ್‌ಕೇರ್ ಕಾಯಿದೆ ಸಮಾಲೋಚಕರನ್ನೂ ಪಟ್ಟಿಗೆ ಸೇರಿಸಿದೆ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಜಿಲ್ಲೆಗೆ ಜನ ಬಂದಂತಾಗಲಿಲ್ಲ.

ಇಷ್ಟೆಲ್ಲ ದಾಟಿ ಓದಿ ಬಂದವರೂ ಬೆಂಗಳೂರಿನಲ್ಲೇ ಉಳಿಯುತ್ತಾರೆ. ಗಂಟೆಗೆ ಸಾವಿರದ ಮೇಲೆ ಫೀಸು, ಮಾತೆಲ್ಲ ಇಂಗ್ಲಿಷು. ಹುಣಸೂರಿನ ಹೊಗೆಸೊಪ್ಪು ಬೆಳೆಯುವವರ ಮನೆ ಜಗಳ ಆ ರೂಮಿನ ಬಾಗಿಲು ತಟ್ಟುವುದು ಯಾವಾಗ?

ಭಾಷೆಯ ವಿಷಯ ಸಣ್ಣದಲ್ಲ. ಪುಸ್ತಕದಲ್ಲಿ ಕಲಿತವರು ‘ನಿಮ್ಮ ಬೌಂಡರಿ ನೀವು ಹಾಕಿಕೊಳ್ಳಬೇಕು’ ಅಂದರೆ ನಂಜನಗೂಡಿನ ಹೆಂಗಸು ಹೊಲದ ಬೇಲಿ ಅಂದುಕೊಂಡಾಳು. ಅವಳ ಸಂಕಟ ಇರುವುದು ಬೇರೆ ಮಾತುಗಳಲ್ಲಿ: ‘ಮುಖ ಕೊಟ್ಟು ಮಾತಾಡಲ್ಲ’, ‘ನನ್ನ ಲೆಕ್ಕಕ್ಕೇ ಇಟ್ಟಿಲ್ಲ’. ಅರ್ಧ ಗಂಟೆ ‘ನಮ್ಮನೆಯವರು’ ಅನ್ನುತ್ತಿದ್ದವಳು ಒಂದು ಘಟ್ಟದಲ್ಲಿ ‘ಅವನು’ ಅಂದುಬಿಡುತ್ತಾಳೆ. ಪಳಗಿದ ಕಿವಿ ಅಲ್ಲೇ ನಿಲ್ಲಬೇಕು. ಪಳಗದ ಕಿವಿ ‘ಗಂಡನಿಗೆ ಮರ್ಯಾದೆ ಕೊಡಮ್ಮ’ ಅಂತ ಗದರುತ್ತದೆ, ಬಾಯಿ ಅಲ್ಲಿಗೆ ಮುಚ್ಚಿತು.

ಸಂಬಂಧದ ಲೆಕ್ಕವೂ ಅಷ್ಟೆ. ಕುಟುಂಬ ಚಿಕಿತ್ಸೆ ಕಲಿಯುವವರು ಮೂರು ತಲೆಮಾರಿನ ನಕ್ಷೆ ಬರೆಯುತ್ತಾರೆ, ಯಾರು ಯಾರಿಗೆ ಹತ್ತಿರ, ಯಾರ ಜೊತೆ ಮಾತು ಬಿಟ್ಟಿದೆ ಎಲ್ಲ ಗೆರೆಯಲ್ಲಿ. ಹೊರದೇಶದ ಪುಸ್ತಕದಲ್ಲಿ ಗಂಡನದೊಂದು ಮನೆ, ಹೆಂಡತಿಯದೊಂದು ಮನೆ. ಹಳೇ ಮೈಸೂರು ಕಡೆ ಸೋದರಮಾವನನ್ನೇ ಮದುವೆಯಾದ ಹುಡುಗಿಗೆ ಅತ್ತೆ ಅಂದರೆ ಅಜ್ಜಿ. ಗಂಡನ ಮನೆ ಬಿಟ್ಟು ತವರಿಗೆ ಬಂದರೆ ತಾಯಿ ತನ್ನ ತಮ್ಮನ ಪರ ಆಡಬೇಕೋ ಮಗಳ ಪರ ಆಡಬೇಕೋ? ನಕ್ಷೆಯ ಗೆರೆಗಳೆಲ್ಲ ಗಂಟು ಬೀಳುತ್ತವೆ. ಈ ಗಂಟು ಬಿಚ್ಚುವುದನ್ನು ಈ ನೆಲದಲ್ಲಿ, ಈ ಜನರ ಜೊತೆಯಲ್ಲೇ ಕಲಿಯಬೇಕು. ನಿಮ್ಹಾನ್ಸ್‌ನಲ್ಲಿ ಮನೆಮಂದಿಯನ್ನೆಲ್ಲ ಸೇರಿಸಿಕೊಂಡು ಚಿಕಿತ್ಸೆ ಕೊಡುವ ಕುಟುಂಬ ಮನೋವೈದ್ಯ ಕೇಂದ್ರವೇ ಇದೆ. ಅಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆ, ಸಂಸಾರದ ತಾಪತ್ರಯಗಳ ಬಗ್ಗೆ ಕನ್ನಡದಲ್ಲಿ ಪುಸ್ತಕದ ರಾಶಿಯನ್ನೇ ಬರೆದರು, ಸಾಮಾನ್ಯ ಜನಕ್ಕೂ ಆಪ್ತಸಮಾಲೋಚನೆ ಕಲಿಸಿದರು. ಕನ್ನಡದಲ್ಲಿ ಆಗುವುದಿಲ್ಲ ಅನ್ನುವವರಿಗೆ ಉತ್ತರ ಅಲ್ಲೇ ಇದೆ.

ಊರ ಹಿರಿಯರು ಡಿಗ್ರಿ ಇಲ್ಲದೆ ಇದನ್ನೇ ಮಾಡಲಿಲ್ಲವೇ ಅನ್ನುವ ವಾದ ಬರುತ್ತದೆ. ಮಾಡಿದರು, ಕೆಲವರು ಚೆನ್ನಾಗಿಯೇ ಮಾಡಿದರು. ಆದರೆ ಜಗಲಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಬೀದಿಯ ಕೊನೆ ಮುಟ್ಟುತ್ತಿತ್ತು. ಸಾಲದ್ದಕ್ಕೆ ಗಂಡನ ದೊಡ್ಡಪ್ಪನೇ ಪಂಚಾಯ್ತಿಯ ಯಜಮಾನ. ಕೇಳಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದು, ಯಾರ ಪಕ್ಷಕ್ಕೂ ವಾಲದಿರುವುದು, ತನ್ನ ಮನೆಯ ನೋವನ್ನು ಎದುರಿಗಿರುವವರ ತಲೆಗೆ ಹಾಕದಿರುವುದು, ಕೊನೆಗೆ ಬೇರೆಯಾಗುವುದೇ ಸರಿ ಅಂತ ಇಬ್ಬರಿಗೂ ಅನ್ನಿಸಿದರೆ ಮಗುವಿಗೆ ಗಾಯವಾಗದಂತೆ ಬೇರೆಯಾಗಲು ನೆರವಾಗುವುದು, ಇವೆಲ್ಲ ತಪ್ಪು ಮಾಡಿ, ತಿದ್ದಿಸಿಕೊಂಡು ಕಲಿಯುವ ಕೆಲಸ. ಒಳ್ಳೆಯ ತರಬೇತಿಯಲ್ಲಿ ಶಿಷ್ಯ ದಂಪತಿಯೊಡನೆ ಮಾತಾಡುವುದನ್ನು, ಅವರ ಒಪ್ಪಿಗೆ ಪಡೆದು, ಗುರು ಗಾಜಿನಾಚೆ ಕೂತು ನೋಡುತ್ತಾರೆ. ಆಮೇಲೆ ಸಾಲು ಸಾಲಾಗಿ ವಿಚಾರಣೆ: ಅಲ್ಲಿ ಯಾಕೆ ಸುಮ್ಮನಿದ್ದೆ, ಇಲ್ಲಿ ಯಾಕೆ ಬಾಯಿ ಹಾಕಿದೆ?

ಎರಡು ವರ್ಷದ ಒಂದು ಸ್ನಾತಕೋತ್ತರ ಕೋರ್ಸು ಮೈಸೂರಿಗೆ ಭಾರವಲ್ಲ. ಪಾಠಕ್ಕೆ ಮಾನಸಗಂಗೋತ್ರಿ ಇದೆ, ಮನೋವೈದ್ಯರು ಕೆ.ಆರ್. ಆಸ್ಪತ್ರೆಯಲ್ಲಿದ್ದಾರೆ, ಕೈಪಳಗಲು ಕೌಟುಂಬಿಕ ನ್ಯಾಯಾಲಯವಿದೆ, ಮಹಿಳಾ ಠಾಣೆ ಇದೆ. ಸಾಂತ್ವನ ಕೇಂದ್ರ, ಸಖಿ ಕೇಂದ್ರಗಳಲ್ಲಿ ಕಡಿಮೆ ಸಂಬಳಕ್ಕೆ ವರ್ಷಗಟ್ಟಲೆ ದುಡಿದ ಹೆಂಗಸರಿಗೆ ಅದರಲ್ಲಿ ಸೀಟು ಮೀಸಲಿಡಬೇಕು. ಅವರು ಕಂಡಿರುವುದನ್ನು ಎಷ್ಟೋ ಪ್ರೊಫೆಸರುಗಳು ಕಂಡಿಲ್ಲ. ಪ್ರಾಯೋಗಿಕ ಪರೀಕ್ಷೆ ಕನ್ನಡದಲ್ಲೇ ನಡೆಯಬೇಕು. ಕಲಿಯುವವರಿಗೆ ಸ್ಟೈಪೆಂಡ್ ಕೊಡಬೇಕು, ಇಲ್ಲವಾದರೆ ಬರುವವರು ಕಾರಿರುವ ಮನೆಯವರು ಮಾತ್ರ.

ದುಡ್ಡು ಎಲ್ಲಿಂದ ಅಂತ ಕೇಳುತ್ತಾರೆ. 6ನೇ ಕಲಮಿನ ಹೊಣೆ ಸರ್ಕಾರದ್ದು, ದುಡ್ಡೂ ಅದೇ ಖಜಾನೆಯದು. ವಿಶ್ವವಿದ್ಯಾನಿಲಯ, ನ್ಯಾಯಾಲಯ, ಆಸ್ಪತ್ರೆ ಮೂವರೂ ಮುಂದಿನ ಸಾಲಿನ ಪ್ರವೇಶಕ್ಕೆ ಮುಂಚೆ ಒಂದು ಮೇಜಿನ ಸುತ್ತ ಕೂತು ಹನ್ನೆರಡು ಜನರ ಒಂದು ತಂಡ ಶುರು ಮಾಡಲಿ. ಜೊತೆಗೆ ಕೋರ್ಟಿನಲ್ಲಿ ಬಾಗಿಲು ಹಾಕಿಕೊಳ್ಳುವಂಥ ಎರಡು ಕೋಣೆ ಬಿಡಿಸಿಕೊಡಲಿ, ಒಂದು ಅವಳಿಗೆ, ಒಂದು ಅವನಿಗೆ.